103 ರಾತ್ರಿ ಬಾಯಲ್ಲಿ ಗುಂಯ್‌ಗುಟ್ಟಿದ ಯಂತ್ರ

ನಾನು ಕೊಂಡ ಕಂಪನ ಯಂತ್ರಕ್ಕೆ ಒಳ್ಳೆಯ ಜ್ಞಾಪಕಶಕ್ತಿ ಇದೆ. ಯಾವ ದಿನ ಬಳಸಿದೆ, ಎಷ್ಟು ನಿಮಿಷ ಬಳಸಿದೆ ಎಂಬುದನ್ನೆಲ್ಲ ತಾನೇ ಬರೆದಿಟ್ಟುಕೊಂಡು, ಕಂಪ್ಯೂಟರಿಗೆ ಸಿಕ್ಕಿಸಿದರೆ ಲೆಕ್ಕ ಒಪ್ಪಿಸುತ್ತದೆ. ಒಟ್ಟು 112 ದಿನಗಳಲ್ಲಿ ಬಳಸಿದ್ದು 103 ದಿನ. ದಿನಕ್ಕೆ 20 ನಿಮಿಷದಂತೆ 2,060 ನಿಮಿಷ. ಅಂದರೆ 34 ಗಂಟೆ 20 ನಿಮಿಷ ನಾನು ಮಾತಾಡಲಾಗದೆ, ಜೊಲ್ಲು ನುಂಗುತ್ತಾ, ಗೋಡೆ ನೋಡುತ್ತಾ ಕುಳಿತಿದ್ದೆ. ಇಷ್ಟು ಹೊತ್ತು ಕುಳಿತವಳಿಗೆ ನಾಲ್ಕು ಮಾತು ಬರೆಯುವ ಹಕ್ಕು ಇದೆ ಎಂದುಕೊಂಡಿದ್ದೇನೆ.

ಯಂತ್ರದ ಹೆಸರು ಹೇಳುವುದಿಲ್ಲ. ಮುಂದೆ ನಾನು ಪ್ರಸ್ತಾಪಿಸುವ ಅಧ್ಯಯನಗಳಲ್ಲಿ ಹೆಸರು ಬರುವ ಯಂತ್ರಗಳಲ್ಲಿ ಇದು ಒಂದಲ್ಲ. ಆದರೆ ಜಾತಿ ಅದೇ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ದಿನವೂ ಸ್ವಲ್ಪ ಹೊತ್ತು ಕಚ್ಚಿ ಹಿಡಿದುಕೊಳ್ಳಬೇಕು, ಅದು ಸಣ್ಣಗೆ ನಡುಗುತ್ತದೆ, ಆ ನಡುಕಕ್ಕೆ ಹಲ್ಲು ಬೇಗ ಸರಿಯುತ್ತದೆ, ಚಿಕಿತ್ಸೆಯ ತಿಂಗಳುಗಳು ಕಡಿಮೆಯಾಗುತ್ತವೆ ಎಂಬುದು ಭರವಸೆ.

ನನ್ನ ವಯಸ್ಸು 41. ಮಗನ ಕ್ಲಿಪ್ ಬಿಚ್ಚಿದ ವರ್ಷವೇ ನಾನು ಹಾಕಿಸಿಕೊಂಡೆ. ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಿದ್ದವು. ಅವುಗಳಿಗೆ ಜಾಗ ಮಾಡಲು ಎಡಕ್ಕೊಂದು, ಬಲಕ್ಕೊಂದು, ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ ಹಲ್ಲನ್ನು ಕಿತ್ತರು. 22 ತಿಂಗಳಾಗಬಹುದು ಎಂದರು ವೈದ್ಯೆ. ಅದು ಹೆಚ್ಚೇನೂ ಅಲ್ಲ. ಸ್ಥಿರ ಕ್ಲಿಪ್ಪಿನ ಚಿಕಿತ್ಸೆ ಸರಾಸರಿ 20 ತಿಂಗಳ ಆಸುಪಾಸು ಹಿಡಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಆದರೆ 41ರಲ್ಲಿ 22 ತಿಂಗಳು ಎಂದರೆ ಬೇರೆಯೇ ಲೆಕ್ಕ. ಕಚೇರಿಯಲ್ಲಿ ಕೈ ಅಡ್ಡ ಹಿಡಿದು ನಗುವ ಹೆಂಗಸಿಗೆ ಯಾರಾದರೂ ಆರು ತಿಂಗಳು ಉಳಿಸಿಕೊಡುತ್ತೇನೆ ಎಂದರೆ ಅವಳು ಕಿವಿ ನಿಮಿರಿಸದೆ ಇರುವುದಿಲ್ಲ.

ಕಿವಿ ನಿಮಿರಿಸಿದ್ದು ಕಾಯುವ ಕೋಣೆಯಲ್ಲಿದ್ದ ಒಂದು ಕರಪತ್ರಕ್ಕೆ. 'ಅರ್ಧದಷ್ಟು ಹೆಚ್ಚು ವೇಗ' ಎಂದು ದಪ್ಪ ಅಕ್ಷರಗಳಲ್ಲಿ ಇತ್ತು, ಆ ಸಾಲಿನ ಎದುರಿಗೆ 'ವರೆಗೆ' ಎಂದು ಸಣ್ಣ ಅಕ್ಷರಗಳಲ್ಲಿ. ವೈದ್ಯೆಯನ್ನು ಕೇಳಿದೆ. "ಬೇಕಿದ್ದರೆ ಬಳಸಿ, ತೊಂದರೆಯೇನೂ ಇಲ್ಲ. ಆದರೆ ತಿಂಗಳು ಕಡಿಮೆಯಾಗುತ್ತದೆ ಎಂದು ನಾನಂತೂ ಬರೆದುಕೊಡುವುದಿಲ್ಲ" ಎಂದರು. ಆ ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಆಸೆ ಇದ್ದವರ ಕಿವಿ ಹಾಗೆಯೇ ಕೆಲಸ ಮಾಡುತ್ತದೆ.

ಇನ್ನು ಯಂತ್ರದ ವಿಷಯ.

ಎರಡು ಭಾಗ. ಒಂದು, ಹೆಬ್ಬೆರಳಿನಷ್ಟು ಉದ್ದದ, ಒಳಗೆ ಮೋಟಾರು ಮತ್ತು ಬ್ಯಾಟರಿ ಇರುವ ಬಿಳಿ ಗುಂಡಿ. ಇನ್ನೊಂದು, ಕುದುರೆ ಲಾಳದ ಆಕಾರದ, ಮೆತ್ತನೆಯ ಸಿಲಿಕೋನಿನ ಕಚ್ಚುಪಟ್ಟಿ. ಲಾಳವನ್ನು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಬೇಕು. ಗುಂಡಿ ತುಟಿಯ ಹೊರಗೆ ಮೂತಿಯಂತೆ ಚಾಚಿಕೊಂಡಿರುತ್ತದೆ. ಕೈ ಹಿಡಿಯಬೇಕಾಗಿಲ್ಲ ಎಂದು ಕೈಪಿಡಿ ಹೇಳುತ್ತದೆ. ನಿಜ, ಕೈ ಬಿಡುವಾಗಿರುತ್ತದೆ. ಆದರೆ ಆ ಕೈಯಿಂದ ಹತ್ತು ಸಲ ಗಲ್ಲ ಒರೆಸಿಕೊಳ್ಳಬೇಕು. ಬಾಯಿ ಅರೆ ತೆರೆದು 20 ನಿಮಿಷ ಕುಳಿತರೆ ಜೊಲ್ಲು ಎಷ್ಟು ಊರುತ್ತದೆ ಎಂಬುದು ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಮೂರನೆಯ ದಿನದಿಂದ ಮಡಿಲಲ್ಲಿ ಟವೆಲ್ ಹಾಸಿಕೊಂಡೇ ಕೂರುತ್ತಿದ್ದೆ.

ಚಾಲೂ ಮಾಡಿದ ಮೊದಲ ಕ್ಷಣ ವಿಚಿತ್ರ. ನಡುಕ ಹಲ್ಲಿನಲ್ಲಿ ಶುರುವಾಗಿ ಮೂಗಿನ ಬುಡಕ್ಕೆ ಏರುತ್ತದೆ, ಅಲ್ಲಿ ತುರಿಕೆ ಎಬ್ಬಿಸಿ ಕಿವಿಗೆ ಹೋಗುತ್ತದೆ. ಹೊರಗಿನವರಿಗೆ ಮೊಬೈಲ್ ಮೇಜಿನ ಮೇಲೆ ಅದುರಿದಷ್ಟೇ ಸದ್ದು. ಒಳಗಿರುವ ನಮಗೆ ಮಾತ್ರ ಅದು ತಲೆಬುರುಡೆಯ ಮೂಲಕವೇ ಬರುವುದರಿಂದ ಹಿಟ್ಟಿನ ಗಿರಣಿಯ ಪಕ್ಕ ನಿಂತ ಹಾಗೆ. ದೂರದರ್ಶನ ನೋಡಲು ಹೋದರೆ ಮಾತು ಕೇಳಿಸದು. ಪುಸ್ತಕ ಹಿಡಿದರೆ ಅಕ್ಷರಗಳು ತೀರಾ ಸಣ್ಣಗೆ ಕುಣಿಯುತ್ತವೆ. ಮಗ ಒಂದು ಸಂಜೆ ಬಾಗಿಲಲ್ಲಿ ನಿಂತು, "ಅಮ್ಮ, ನಿನ್ನ ಬಾಯಲ್ಲಿ ದುಂಬಿ ಸಿಕ್ಕಿಹಾಕಿಕೊಂಡಿದೆ" ಎಂದ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆ 20 ನಿಮಿಷದಲ್ಲಿ ಅವನು ತನ್ನ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಹೋದದ್ದೂ ಉಂಟು.

ಸಾಮಾನಾಗಿ ನೋಡಿದರೆ ದೂರು ಇಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಐದಾರು ದಿನ ಬರುತ್ತದೆ. 20 ನಿಮಿಷವಾದ ಕೂಡಲೆ ತಾನೇ ನಿಲ್ಲುತ್ತದೆ. ಕಚ್ಚುಪಟ್ಟಿಯನ್ನು ಬಿಡಿಸಿ ನೀರಿನಲ್ಲಿ ತೊಳೆಯಬಹುದು. ಎರಡು ತಿಂಗಳಾದ ಮೇಲೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟುಗಳ ಅಂಚು ತಾಗಿ ಸಿಲಿಕೋನಿನಲ್ಲಿ ಗೀರುಗಳು ಬಿದ್ದವು, ಅಷ್ಟೆ. ಯಂತ್ರ ಮಾಡಿದವರಿಗೆ ಯಂತ್ರ ಮಾಡುವುದು ಚೆನ್ನಾಗಿ ಗೊತ್ತಿದೆ. ಪ್ರಶ್ನೆ ಇರುವುದು ಅದು ಮಾಡುತ್ತೇನೆ ಎಂದ ಕೆಲಸದ ಬಗ್ಗೆ.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕಾಗುತ್ತದೆ. ಯಂತ್ರದ ಬಿಡಿಭಾಗಗಳನ್ನು ಅಳೆದು 'ಪಾಸು' ಅಥವಾ 'ರಿಜೆಕ್ಟ್' ಎಂದು ಚೀಟಿ ಅಂಟಿಸುವುದು ನನ್ನ ಕೆಲಸ. 17 ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಮನೆಯಲ್ಲಿ ನನ್ನದೇ ಒಂದು ವರ್ನಿಯರ್ ಕ್ಯಾಲಿಪರ್ ಇದೆ. ಬೇರೆಯವರು ಸೆಲ್ಫಿ ತೆಗೆದುಕೊಂಡು ಹಲ್ಲು ಸರಿಯಿತೇ ಎಂದು ನೋಡುತ್ತಾರೆ. ನಾನು ಕನ್ನಡಿಯೆದುರು ನಿಂತು, ಕೆನ್ನೆ ಎಳೆದುಕೊಂಡು, ಕೋರೆಹಲ್ಲಿನ ಬ್ರಾಕೆಟ್ಟಿಗೂ ಹಿಂದಿನ ಹಲ್ಲಿನ ಬ್ರಾಕೆಟ್ಟಿಗೂ ನಡುವಿನ ಅಂತರವನ್ನು ಅಳೆದು, ಅದರಿಂದ ಹಲ್ಲಿನ ಸಂದಿಯ ಅಗಲ ಲೆಕ್ಕ ಹಾಕುತ್ತಿದ್ದೆ.

ಮೊದಲ ದಿನ ಬಲಗಡೆಯ ಅಂತರವನ್ನು ಐದು ಸಲ ಅಳೆದೆ. 6.1, 6.4, 5.9, 6.3, 6.3. ಕ್ಯಾಲಿಪರ್ ತೋರಿಸುವುದು 0.02 ಮಿ.ಮೀ. ಸೂಕ್ಷ್ಮದಲ್ಲಿ. ಕೈ, ಕನ್ನಡಿ, ಕೆನ್ನೆ ಮೂರೂ ಸೇರಿ ಮಾಡುವ ಗೊಂದಲ 0.5 ಮಿ.ಮೀ. ನನ್ನ ಕೈಕೆಳಗಿನ ಹುಡುಗರು ಹೀಗೆ ಅಳೆದು ತಂದರೆ ನಾನು ಕಾಗದ ಹರಿದು ಹಾಕುತ್ತೇನೆ. ಸರಾಸರಿ 6.2 ಎಂದು ಬರೆದುಕೊಂಡೆ. ಎಡಗಡೆ 6.5. ಈ ಅರ್ಧ ಮಿಲಿಮೀಟರ್ ಗೊಂದಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪನದಿಂದ ಹಲ್ಲು ಬೇಗ ಸರಿಯಬಹುದು ಎಂಬ ಯೋಚನೆ ಯಾರೋ ಗಾಳಿಯಲ್ಲಿ ಹಿಡಿದದ್ದಲ್ಲ. ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಕುಳಿತಿಲ್ಲ. ಬೇರಿಗೂ ದವಡೆ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಎರಡು ಹಾಳೆ ಕಾಗದ ಸೇರಿಸಿದರೆ ಎಷ್ಟೋ ಅಷ್ಟು. ತಂತಿಯೋ ರಬ್ಬರ್ ಸರಪಳಿಯೋ ಹಲ್ಲನ್ನು ಎಳೆದಾಗ ಒಂದು ಕಡೆ ಈ ಪದರ ಅದುಮಿಕೊಳ್ಳುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ. ಅದುಮಿಕೊಂಡ ಕಡೆ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಬಂದು ಮೂಳೆಯನ್ನು ಕರಗಿಸುತ್ತವೆ. ಹಿಗ್ಗಿದ ಕಡೆ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆ ಕಟ್ಟುತ್ತವೆ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಹೊಸ ಜಾಗಕ್ಕೆ ಹೋಗುತ್ತದೆ. ಹಿಂದೆ ಕೆಡವುವವರು, ಮುಂದೆ ಕಟ್ಟುವವರು ಎಂದು ನಾನು ಮೊದಲು ತಿಳಿದುಕೊಂಡಿದ್ದೆ, ದಿಕ್ಕು ಅದಲುಬದಲಾಗಿತ್ತು. ಹಲ್ಲು ಹೋಗಬೇಕಾದ ದಿಕ್ಕಿನಲ್ಲೇ ಕೆಡವಬೇಕು.

ಹಾಗಿದ್ದರೆ ಜೋರಾಗಿ ಎಳೆದರೆ ಬೇಗ ಆಗುವುದಿಲ್ಲವೇ? ಆಗುವುದಿಲ್ಲ. ಒತ್ತಡ ಮಿತಿ ಮೀರಿದರೆ ಆ ತೆಳು ಪದರದಲ್ಲಿ ರಕ್ತದ ಓಡಾಟವೇ ನಿಂತು ಅಲ್ಲಿನ ಕೋಶಗಳು ಸಾಯುತ್ತವೆ. ಸತ್ತ ಭಾಗವನ್ನು ಸುತ್ತಲಿನಿಂದ ತೆರವು ಮಾಡುವವರೆಗೂ ಹಲ್ಲು ಕದಲುವುದಿಲ್ಲ. ಅದಕ್ಕಾಗಿಯೇ ಎಳೆತವನ್ನು ಹೆಚ್ಚಿಸುವ ಬದಲು ಕೋಶಗಳನ್ನೇ ಚುರುಕುಗೊಳಿಸುವ ದಾರಿ ಹುಡುಕಿದರು. ಲೇಸರ್ ಬೆಳಕು ಬಿಡುವುದು, ಮೂಳೆಗೆ ಸಣ್ಣ ತೂತು ಕೊರೆಯುವುದು, ಶಸ್ತ್ರಚಿಕಿತ್ಸೆಯಲ್ಲಿ ಗೀರು ಹಾಕುವುದು, ಇವೆಲ್ಲ ಆ ಹುಡುಕಾಟದ ಸಂತತಿ. ನಡುಗಿಸುವುದು ಇವುಗಳಲ್ಲೆಲ್ಲ ಅತಿ ಸಾಧು. ಸೂಜಿ ಇಲ್ಲ, ರಕ್ತ ಇಲ್ಲ.

2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಕ್ಲಿಂಟನ್ ರೂಬಿನ್ ಮತ್ತು ಸಂಗಡಿಗರ ಒಂದು ವರದಿ ಬಂತು. ಕುರಿಗಳನ್ನು ದಿನಕ್ಕೆ 20 ನಿಮಿಷ, ಸೆಕೆಂಡಿಗೆ 30 ಸಲ ಸಣ್ಣಗೆ ನಡುಗುವ ಹಲಗೆಯ ಮೇಲೆ ನಿಲ್ಲಿಸಿದರು. ಒಂದು ವರ್ಷವಾದ ಮೇಲೆ ಹಿಂಗಾಲಿನ ತೊಡೆಮೂಳೆಯ ಒಳಗಿನ ಜಾಲರಿಯಂಥ ಭಾಗದ ಸಾಂದ್ರತೆ ನಡುಗದ ಕುರಿಗಳಿಗಿಂತ ಶೇಕಡಾ 34ರಷ್ಟು ಹೆಚ್ಚಿತ್ತು. ದಂತಚಿಕಿತ್ಸೆಯ ಕಂಪನ ಯಂತ್ರಗಳಲ್ಲಿ ಹೆಸರು ಮಾಡಿದ ಆಕ್ಸೆಲೆಡೆಂಟ್ ಕೂಡ ಸೆಕೆಂಡಿಗೆ 30 ಸಲವೇ ನಡುಗುತ್ತದೆ, ದಿನಕ್ಕೆ 20 ನಿಮಿಷವೇ ಕಚ್ಚಿಕೊಳ್ಳಬೇಕು. ಹಾಕುವ ಬಲ 0.25 ನ್ಯೂಟನ್, ಸುಮಾರು 25 ಗ್ರಾಂ ತೂಕದಷ್ಟು.

ಕುರಿಯ ಕಥೆಯನ್ನು ಎರಡನೆಯ ಸಲ ಓದಿದಾಗ ನಾನು ನಿಂತೆ. ಕುರಿಯ ಮೂಳೆ ಗಟ್ಟಿಯಾಯಿತು. ನನಗೆ ಬೇಕಾಗಿದ್ದದ್ದು ಹಲ್ಲಿನ ದಾರಿಯಲ್ಲಿರುವ ಮೂಳೆ ಕರಗುವುದು. ಗೋಡೆ ಒಡೆಯಲು ಹೊರಟವಳಿಗೆ ಸಿಮೆಂಟು ಮಾರಿದ ಹಾಗೆ ಅಲ್ಲವೇ ಇದು? ಇದಕ್ಕೆ ಉತ್ತರವಾಗಿ ತೋರಿಸುವುದು 2008ರ ಜಪಾನಿನ ಇಲಿಗಳನ್ನು. ವಾರಕ್ಕೊಮ್ಮೆ ಎಂಟು ನಿಮಿಷ, ಸೆಕೆಂಡಿಗೆ 60 ಸಲದ ಆಸುಪಾಸಿನಲ್ಲಿ ನಡುಗಿಸಿದಾಗ ದವಡೆ ಹಲ್ಲು ಮೂರು ವಾರಗಳಲ್ಲಿ ಶೇಕಡಾ 15ರಷ್ಟು ಹೆಚ್ಚು ಸರಿದಿತ್ತು. ಮೂಳೆ ಕರಗಿಸುವ ಕೋಶಗಳನ್ನು ಕರೆಯುವ ರಾಸಾಯನಿಕ ಸಂಕೇತವೂ ಹೆಚ್ಚಿತ್ತು. ಸರಿ ಎಂದುಕೊಂಡರೆ, 2014ರಲ್ಲಿ ಬೇರೆ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸ್ಪ್ರಿಂಗಿನ ಜೊತೆ ನಡುಕವನ್ನೂ ಕೊಟ್ಟ ಇಲಿಗಳ ಹಲ್ಲು, ಬರಿಯ ಸ್ಪ್ರಿಂಗ್ ಹಾಕಿದ ಇಲಿಗಳ ಹಲ್ಲಿಗಿಂತ ಕಡಿಮೆ ಸರಿದಿತ್ತು. ಇಲಿಗಳಲ್ಲೇ ಒಮ್ಮತ ಇಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, ಕರಪತ್ರದ ದಪ್ಪ ಅಕ್ಷರಗಳ ಮೂಲ ಎಲ್ಲಿರಬಹುದು ಎಂಬುದು ನನಗೆ ತಡವಾಗಿ ಹೊಳೆಯಿತು. ಅಮೆರಿಕದ ಟೆಕ್ಸಾಸಿನಲ್ಲಿ 45 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧ ಜನಕ್ಕೆ ನಡುಗುವ ಯಂತ್ರ, ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ನಡುಗದ ಹುಸಿ ಯಂತ್ರ. ನಡುಗಿದ ಗುಂಪಿನಲ್ಲಿ ಹಲ್ಲು ಕಿತ್ತ ಜಾಗಕ್ಕೆ ಕೋರೆಹಲ್ಲು ತಿಂಗಳಿಗೆ 1.16 ಮಿ.ಮೀ. ಸರಿಯಿತು, ಇನ್ನೊಂದರಲ್ಲಿ 0.79. ಭಾಗಿಸಿ ನೋಡಿ, ಹೆಚ್ಚುಕಡಿಮೆ 'ಅರ್ಧದಷ್ಟು ಹೆಚ್ಚು' ಬರುತ್ತದೆ. ಖರ್ಚು ಕೊಟ್ಟವರು ಯಂತ್ರ ತಯಾರಿಸಿದ ಕಂಪನಿಯವರು. ಅದರಿಂದಲೇ ಫಲಿತಾಂಶ ಸುಳ್ಳು ಎನ್ನುವಂತಿಲ್ಲ, ವಿಧಾನ ಒಳ್ಳೆಯದೇ ಇತ್ತು. ಆದರೆ ನಮ್ಮ ಕಾರ್ಖಾನೆಯಲ್ಲಿ ಸರಬರಾಜುದಾರನ ಪರೀಕ್ಷಾ ವರದಿ ಜೊತೆಗೆ ಬಂದರೂ ನಾವು ಮತ್ತೊಮ್ಮೆ ಅಳೆದೇ ಒಳಗೆ ಬಿಡುತ್ತೇವೆ. ಆ ಪದ್ಧತಿ ಇರುವುದು ಅವಮಾನ ಮಾಡಲಿಕ್ಕಲ್ಲ.

ಮತ್ತೊಮ್ಮೆ ಅಳೆದವರು ಇದ್ದರು. 2012ರಲ್ಲಿ ಆಸ್ಟ್ರೇಲಿಯದಲ್ಲಿ 66 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೆಕೆಂಡಿಗೆ 111 ಸಲ ನಡುಗುವ ಬೇರೊಂದು ಯಂತ್ರ ಕೊಟ್ಟು, 10 ವಾರ ಹಲ್ಲಿನ ಸಾಲು ನೇರವಾಗುವುದನ್ನು ಅಳೆದರು. ವ್ಯತ್ಯಾಸ ಇರಲಿಲ್ಲ. 2015ರಲ್ಲಿ ಬ್ರಿಟನ್ನಿನಲ್ಲಿ 81 ಹುಡುಗ ಹುಡುಗಿಯರ ಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಅಲ್ಲಿ ಮೂರು ಗುಂಪು. ನಿಜ ಆಕ್ಸೆಲೆಡೆಂಟ್, ಹುಸಿ ಆಕ್ಸೆಲೆಡೆಂಟ್, ಯಾವುದೂ ಇಲ್ಲದ ಬರಿಯ ಕ್ಲಿಪ್. ಹುಸಿ ಯಂತ್ರದವರಿಗೂ ಏನೂ ಇಲ್ಲದವರಿಗೂ ನಡುವೆ ವ್ಯತ್ಯಾಸ ಕಂಡರೆ ಅದು ಬರಿಯ ನಂಬಿಕೆಯ ಫಲ ಅಥವಾ ಕಚ್ಚುವುದರ ಫಲ. ನಿಜಕ್ಕೂ ಹುಸಿಗೂ ನಡುವೆ ಕಂಡರೆ ನಡುಕದ ಫಲ. ಪರೀಕ್ಷೆಯನ್ನು ಹೀಗೆ ಕಟ್ಟಿದ್ದನ್ನು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೂರೂ ಗುಂಪುಗಳ ಹಲ್ಲುಗಳು ಒಂದೇ ಗತಿಯಲ್ಲಿ ಸಾಲಿಗೆ ಬಂದವು. ಅದೇ ಗುಂಪುಗಳನ್ನು ಮುಂದಕ್ಕೂ ಹಿಂಬಾಲಿಸಿ, ಹಲ್ಲು ಕಿತ್ತ ಜಾಗ ಮುಚ್ಚುವ ವೇಗವನ್ನೂ ಒಟ್ಟು ಚಿಕಿತ್ಸೆಯ ಅವಧಿಯನ್ನೂ 2018ರಲ್ಲಿ ಪ್ರಕಟಿಸಿದರು. ಅಲ್ಲೂ ವ್ಯತ್ಯಾಸ ಇಲ್ಲ. ಯಂತ್ರಕ್ಕೆ ಸಲ್ಲಬೇಕಾದ ಒಂದು ಮಾತು: ಬೇರು ಸವೆಯುವುದರಲ್ಲೂ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಹಾನಿಯಾಯಿತು ಎನ್ನುವಂತೆಯೂ ಇಲ್ಲ.

ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2015ರಲ್ಲಿ ನೋಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಎರಡೇ ಎರಡು ಅಧ್ಯಯನ, 111 ಜನ. ಏನನ್ನೂ ಖಚಿತವಾಗಿ ಹೇಳಲಾಗದು ಎಂದಿತು. 2023ರಲ್ಲಿ ಮತ್ತೆ ನೋಡುವ ಹೊತ್ತಿಗೆ ಅಧ್ಯಯನಗಳು ಎಷ್ಟೋ ಹೆಚ್ಚಾಗಿದ್ದವು. ಶಸ್ತ್ರಚಿಕಿತ್ಸೆಯಿಲ್ಲದ ಇಂಥ ಉಪಾಯಗಳಿಂದ ಚಿಕಿತ್ಸೆ ಬೇಗ ಮುಗಿಯುತ್ತದೆ ಎನ್ನಲು ಬಲವಾದ ಪುರಾವೆ ಮಾತ್ರ ಆಗಲೂ ಸಿಗಲಿಲ್ಲ.

ಇದನ್ನೆಲ್ಲ ಯಂತ್ರ ಕೊಳ್ಳುವ ಮೊದಲು ಓದಬೇಕಿತ್ತು. ನಾನು ಓದಿದ್ದು 16 ವಾರವಾದ ಮೇಲೆ, ನನ್ನದೇ ಅಂಕಿಗಳು ಕಾಲೆಳೆದಾಗ.

ಆ ಅಂಕಿಗಳು ಇವು. ನಾಲ್ಕು ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗುವ ಹಿಂದಿನ ರಾತ್ರಿ, ಊಟವಾದ ಮೇಲೆ, ಅದೇ ಕನ್ನಡಿ, ಅದೇ ದೀಪ, ಐದು ಸಲ ಅಳತೆ, ಸರಾಸರಿ. ಯಂತ್ರ ಬಳಸಿದ 16 ವಾರಗಳಲ್ಲಿ ಬಲಗಡೆ ಸಂದಿ 6.2ರಿಂದ 2.6ಕ್ಕೆ ಇಳಿಯಿತು. ಎಡಗಡೆ 6.5ರಿಂದ 2.3ಕ್ಕೆ. ಅಂದರೆ ಭೇಟಿಯಿಂದ ಭೇಟಿಗೆ ಬಲಕ್ಕೆ 0.9, ಎಡಕ್ಕೆ 1.05. ಮೊದಲು ಖುಷಿಯಾಯಿತು, ಸರಿಯುತ್ತಿದೆಯಲ್ಲ ಎಂದು. ಆಮೇಲೆ ಅಭ್ಯಾಸಬಲದಿಂದ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದೆ. ಒಂದೇ ಬಾಯಿ, ಒಂದೇ ಯಂತ್ರ, ಒಂದೇ 34 ಗಂಟೆ 20 ನಿಮಿಷದ ನಡುಕ. ಆದರೂ ಎಡಹಲ್ಲು ಬಲಹಲ್ಲಿಗಿಂತ ಶೇಕಡಾ 17ರಷ್ಟು ಮುಂದೆ. ನನ್ನ ಬಾಯಿಯ ಎರಡು ಬದಿಗಳ ನಡುವೆಯೇ ಇಷ್ಟು ಅಂತರ ಇರುವಾಗ, ಒಬ್ಬರ ಬಾಯಿಗೂ ಇನ್ನೊಬ್ಬರ ಬಾಯಿಗೂ ಎಷ್ಟಿರಬೇಕು! 'ನಾನು ಬಳಸಿದೆ, ನನಗೆ ಬೇಗ ಮುಗಿಯಿತು' ಎನ್ನುವವರ ಮಾತನ್ನು ನಾನು ಅಂದಿನಿಂದ ಬೇರೆ ಕಿವಿಯಲ್ಲಿ ಕೇಳುತ್ತೇನೆ. ಯಾವುದಕ್ಕೆ ಹೋಲಿಸಿ ಬೇಗ? ಯಂತ್ರ ಕಚ್ಚದ ಅವರದೇ ಇನ್ನೊಂದು ಬಾಯಿ ಎಲ್ಲಿದೆ?

ಐದನೆಯ ಭೇಟಿಯ ರಾತ್ರಿ ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಅಳತೆ ಮಾತ್ರ ಮುಂದುವರಿಸಿದೆ. ಮುಂದಿನ ಎಂಟು ವಾರಗಳಲ್ಲಿ ಬಲಗಡೆ 2.6ರಿಂದ 0.8, ಎಡಗಡೆ 2.3ರಿಂದ 0.3. ಭೇಟಿಗೆ 0.9 ಮತ್ತು 1.0. ಎಡಗಡೆಯ 1.05ಕ್ಕೂ 1.0ಕ್ಕೂ ನಡುವಿನ ವ್ಯತ್ಯಾಸವನ್ನು ಯಂತ್ರದ ಪುಣ್ಯಕ್ಕೆ ಬರೆಯಲು ಯಾರಾದರೂ ಹೊರಟರೆ, ಆ ಅರ್ಧ ಮಿಲಿಮೀಟರ್ ಗೊಂದಲವನ್ನು ಅವರ ಮುಂದೆ ಇಡುತ್ತೇನೆ. ಅದರ ಮುಂದಿನ ಭೇಟಿಯ ಹೊತ್ತಿಗೆ ಎರಡೂ ಕಡೆ ಕ್ಯಾಲಿಪರಿಗೆ ಕೆಲಸ ಇರಲಿಲ್ಲ.

ಇದು ವಿಜ್ಞಾನವಲ್ಲ. ಒಂದೇ ಬಾಯಿ, ಅಳೆದವಳೂ ನಾನೇ, ಯಾವಾಗ ಯಂತ್ರ ಇತ್ತು ಯಾವಾಗ ಇರಲಿಲ್ಲ ಎಂದು ನನಗೆ ಗೊತ್ತು. 81 ಜನರ ಅಧ್ಯಯನ ನನ್ನ ಸ್ನಾನದ ಕೋಣೆಗಿಂತ ಎಷ್ಟೋ ಮೇಲು. ಆದರೆ ಅಲ್ಲಿಯ ತೀರ್ಮಾನವೇ ಇಲ್ಲಿಯೂ ಬಂದಾಗ, ಪುಸ್ತಕದ ನಕ್ಷೆಯಲ್ಲಿ ನೋಡಿದ ಬೀದಿಯಲ್ಲಿ ನಡೆದ ಹಾಗಾಯಿತು.

ಈಗ ಯಂತ್ರದ ಪರವಾಗಿ ಒಂದು ಮಾತು, ಅದೂ ಅರ್ಧ ಮನಸ್ಸಿನಿಂದ. ರಬ್ಬರ್ ಸರಪಳಿ ಬದಲಿಸಿದ ಮೊದಲೆರಡು ರಾತ್ರಿ ಹಲ್ಲುಗಳೆಲ್ಲ ಉಳುಕಿದ ಕಾಲಿನಂತೆ ನೋಯುತ್ತವೆ. ಆಗ ಇದನ್ನು ಕಚ್ಚಿಕೊಂಡರೆ ಮೊದಲ ನಾಲ್ಕೈದು ನಿಮಿಷ ಜೀವ ಹೋಗುವಂತಾಗಿ, ಆಮೇಲೆ ಒಂದು ಬಗೆಯ ಜೋಮು ಹಿಡಿದು, ಮುಗಿದ ಮೇಲೆ ಅರ್ಧ ಗಂಟೆ ಹಾಯಾಗಿರುತ್ತಿತ್ತು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ಕಡಿಮೆ ಅನ್ನಿಸುವುದಿಲ್ಲವೇ, ಹಾಗೆ. ಸ್ಪರ್ಶದ ಸುದ್ದಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಎಂದು 1965ರಲ್ಲೇ ಮೆಲ್ಝಾಕ್ ಮತ್ತು ವಾಲ್ ಎಂಬಿಬ್ಬರು ಸಿದ್ಧಾಂತ ಕೊಟ್ಟಿದ್ದಾರೆ. ಆದರೆ ಬ್ರಿಟನ್ನಿನ ಅದೇ ಮಕ್ಕಳಲ್ಲಿ ನೋವನ್ನೂ ಅಳೆದಿದ್ದರು. ನಿಜ ಯಂತ್ರದವರು, ಹುಸಿ ಯಂತ್ರದವರು, ಏನೂ ಇಲ್ಲದವರು, ಎಲ್ಲರಿಗೂ ಒಂದೇ ನೋವು. ಹಾಗಾದರೆ ನನ್ನ ಹಾಯಿ? ಬಾಯಿ ಮುಚ್ಚಿಕೊಂಡು 20 ನಿಮಿಷ ಒಂದೆಡೆ ಕೂತದ್ದರ ಫಲ ಇರಬಹುದು. ಮನೆಯಲ್ಲಿ ಬೇರೆ ಯಾವ ಹೊತ್ತಿನಲ್ಲೂ ನನಗೆ ಅಂಥ ಸೌಲಭ್ಯ ಇರಲಿಲ್ಲ.

ಕಚೇರಿಯಲ್ಲಿ ಒಬ್ಬಳು ಗೆಳತಿ ಪಾರದರ್ಶಕ ಅಲೈನರ್, ಅಂದರೆ ತಂತಿಯ ಬದಲು ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ತಟ್ಟೆ, ಹಾಕಿಸಿಕೊಂಡಿದ್ದಾಳೆ. ಅವಳಿಗೂ ಇಂಥದ್ದೇ ಒಂದು ಯಂತ್ರ ಇದೆ, ಅದರ ಮೇಲೆ ಅಪಾರ ನಂಬಿಕೆ. ಅಲೈನರ್ ಬಳಸುವವರ ಮೇಲೂ 2018ರಲ್ಲಿ ಹುಸಿ ಯಂತ್ರ ಇಟ್ಟುಕೊಂಡು ಪರೀಕ್ಷೆ ನಡೆದಿದೆ, ಅಲ್ಲಿಯೂ ಲಾಭ ಕಂಡಿಲ್ಲ ಎಂದೆ. "ಆದರೆ ಕಚ್ಚಿದಾಗ ತಟ್ಟೆ ಹಲ್ಲಿಗೆ ಸರಿಯಾಗಿ ಕೂರುತ್ತದೆ ಕಣೇ" ಎಂದಳು. ಆ ಮಾತಿನಲ್ಲಿ ಹುರುಳಿದೆ. ಅಲೈನರ್ ಹಲ್ಲಿಗೆ ಬಿಗಿಯಾಗಿ ಕೂರದಿದ್ದರೆ ಅದು ಎಳೆಯಬೇಕಾದ ಹಾಗೆ ಎಳೆಯುವುದಿಲ್ಲ. ಆದರೆ ಆ ಕೆಲಸಕ್ಕೆ ಕಚ್ಚಲು ಕೊಡುವ ಮೆತ್ತನೆಯ ಸಣ್ಣ ಉರುಳೆ ಇದೆ, ಅದಕ್ಕೆ ಬ್ಯಾಟರಿ ಬೇಡ.

ಇನ್ನು ಕೆಲವರು ವಿದ್ಯುತ್ ಟೂತ್‌ಬ್ರಷ್ಷನ್ನೇ ಹಲ್ಲಿಗೆ ಒತ್ತಿ ಹಿಡಿಯುತ್ತಾರೆ. ಅದರಿಂದ ಕೋರೆಹಲ್ಲು ಬೇಗ ಸರಿಯಿತು ಎಂದ ಸಣ್ಣ ಅಧ್ಯಯನವೂ ಇದೆ, ಏನೂ ಆಗಲಿಲ್ಲ ಎಂದದ್ದೂ ಇದೆ. ಬ್ರಷ್ಷಿನಿಂದ ಹಲ್ಲುಜ್ಜಿದರೆ ಕನಿಷ್ಠ ಹಲ್ಲಾದರೂ ಶುಚಿಯಾಗುತ್ತದೆ.

ಇಡೀ ಪ್ರಕರಣದಲ್ಲಿ ನನಗೆ ಕೋಪ ಬಂದದ್ದು ಯಂತ್ರದ ಮೇಲಲ್ಲ, ನನ್ನ ಮೇಲೆ, ಒಂದು ಸಣ್ಣ ವಿಷಯಕ್ಕೆ. ಚಿಕಿತ್ಸೆಯ ಎರಡನೆಯ ತಿಂಗಳು ಬಲಗಡೆಯ ಹಿಂದಿನ ಬ್ರಾಕೆಟ್ ಒಂದು ಕಿತ್ತುಬಂದಿತ್ತು. ಕೆಲಸದ ಒತ್ತಡ, ಮುಂದಿನ ಭೇಟಿಯಲ್ಲಿ ಹೇಳಿದರಾಯಿತು ಎಂದು ಸುಮ್ಮನಿದ್ದೆ. ಮೂರು ವಾರ ಆ ಹಲ್ಲಿನ ಮೇಲೆ ತಂತಿಯ ಹಿಡಿತವೇ ಇರಲಿಲ್ಲ. ಮತ್ತೆ ತೆಳು ತಂತಿಗೆ ಹಿಂದಿರುಗಿ ಅದನ್ನು ಸಾಲಿಗೆ ತರಲು ಇನ್ನೊಂದು ಭೇಟಿ ಹೋಯಿತು. ಅಂದರೆ ಏಳು ವಾರ ನೀರಿಗೆ. ದಿನಕ್ಕೆ 20 ನಿಮಿಷ ಜೊಲ್ಲು ಸುರಿಸಿ ಉಳಿಸಲು ಹೊರಟಿದ್ದ ಸಮಯದ ದೊಡ್ಡ ಪಾಲನ್ನು ನಾನು ಒಂದು ಫೋನ್ ಮಾಡದೆ ಕಳೆದಿದ್ದೆ. ವೈದ್ಯೆ ಆಗ ಬಯ್ಯಲಿಲ್ಲ. "ಬ್ರಾಕೆಟ್ ಬಿದ್ದ ದಿನವೇ ಫೋನ್ ಮಾಡಿ ಮೇಡಂ, ನಾನು ಬೇರೇನೂ ಕೇಳುವುದಿಲ್ಲ" ಎಂದಿದ್ದರು. ಚಿಕಿತ್ಸೆ ಲಂಬಿಸುವ ಕಾರಣಗಳಲ್ಲಿ ತಪ್ಪಿಸಿದ ಭೇಟಿಗಳೂ ಮುರಿದ ಬ್ರಾಕೆಟ್ಟುಗಳೂ ಮುಂಚೂಣಿಯಲ್ಲಿವೆ ಎಂಬುದು ಆ ವೃತ್ತಿಯವರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೆ ಯಾರೂ ಕರಪತ್ರ ಅಚ್ಚು ಹಾಕಿಸುವುದಿಲ್ಲ.

ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳಿದರೆ, ಸಾಮಾನಿನ ತಯಾರಿಕೆಗೆ ನಾಲ್ಕು. ಕಚ್ಚುಪಟ್ಟಿಯ ಅಂಚು ಇನ್ನಷ್ಟು ನುಣುಪಾಗಿದ್ದರೆ ಐದನ್ನೂ ಕೊಡುತ್ತಿದ್ದೆ. ಹೇಳಿದ ಕೆಲಸಕ್ಕೆ ಒಂದು. ಅಲ್ಲಿ ಸೊನ್ನೆ ಹಾಕಲು ಜಾಗ ಇಲ್ಲದ್ದರಿಂದ ಒಂದು. ನಮ್ಮ ಕಾರ್ಖಾನೆಯ ಚೀಟಿಯಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಅಳತೆ ಸರಿ, ಫಿನಿಶ್ ಸರಿ, ಜೋಡಿಸಿದ ಯಂತ್ರದಲ್ಲಿ ಪರಿಣಾಮ ಇಲ್ಲ.' ಅಂಥ ಭಾಗವನ್ನು ಯಾರೂ ಎರಡನೆಯ ಸಲ ತರಿಸುವುದಿಲ್ಲ.

ಗೆಳತಿಯರು ಅದನ್ನು ಮಾರಿಬಿಡು ಎನ್ನುತ್ತಾರೆ. 103 ರಾತ್ರಿ ನಾನು ಕಚ್ಚಿದ ಲಾಳವನ್ನು ಯಾರ ಬಾಯಿಗೆ ಇಡಲಿ? ಗುಂಡಿಯೊಂದು ಮಾತ್ರ ಮಗನ ಮೇಜಿನ ಮೇಲಿದೆ. ಒದ್ದೆ ಮರಳು ತುಂಬಿದ ಬಟ್ಟಲಿಗೆ ಅದನ್ನು ಆನಿಸಿ, ಮೇಲೆ ಇಟ್ಟ ಕಲ್ಲುಗಳು ನಿಧಾನವಾಗಿ ಹೂತುಹೋಗುವುದನ್ನು ಅವನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತೋರಿಸಬೇಕಂತೆ. ನಿನ್ನೆ ನಾಲ್ಕು ನಿಮಿಷಕ್ಕೆ ಕಲ್ಲು ಪೂರ್ತಿ ಮುಳುಗಿತು. ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.